ಹಳೆಯ ಎಂಎಕ್ಸ್-5 ಕಾರಿಗೆ ಆರು ಪಿಸ್ಟನ್ನಿನ ಬ್ರೇಕ್ ಬೇಕೇ?

ಪ್ರಶ್ನೆ: ನಾನು ಇಂಗ್ಲೆಂಡಿನ ಲೆಸ್ಟರಿನಲ್ಲಿ ನೆಲೆಸಿದ್ದೇನೆ. ವಾರಾಂತ್ಯದ ಓಡಾಟಕ್ಕೆಂದು 1991ರ ಮಜ್ದಾ ಎಂಎಕ್ಸ್-5 ಇಟ್ಟುಕೊಂಡಿದ್ದೇನೆ. 1.6 ಲೀಟರ್ ಎಂಜಿನ್, ಕಂಪನಿಯ 14 ಇಂಚಿನ ಚಕ್ರಗಳು, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಇತ್ತೀಚೆಗೆ ಕ್ಯಾಡ್ವೆಲ್ ಪಾರ್ಕ್ ಟ್ರ್ಯಾಕಿನಲ್ಲಿ ಓಡಿಸುವಾಗ ಕೆಲವು ಸುತ್ತುಗಳಾದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿ ನೆಲದವರೆಗೂ ಇಳಿಯಿತು. ಕಾರು ತಣ್ಣಗಾದ ನಂತರ ಬಹುಮಟ್ಟಿಗೆ ಸರಿಹೋಯಿತು. ಮುಂದಿನ ಚಕ್ರಗಳಿಗೆ ಆರು ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಎರಡೂ ಕಡೆಯಿಂದ ಒತ್ತುವ ಭಾಗ) ಮತ್ತು ದೊಡ್ಡ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಕಬ್ಬಿಣದ ತಟ್ಟೆ) ಇರುವ ಕಿಟ್ ಹಾಕಿಸುವ ಯೋಚನೆಯಿದೆ. ಇದು ಸರಿಯಾದ ದಾರಿಯೇ? ಹಿಂದಿನ ಬ್ರೇಕಿಗೂ ಏನಾದರೂ ಮಾಡಬೇಕೇ?

ಉತ್ತರ: ಪೆಡಲ್ ನೆಲದವರೆಗೆ ಇಳಿಯಿತು ಎಂದು ನೀವು ಬರೆದಿರುವ ಒಂದು ವಿವರದಲ್ಲಿಯೇ ನಿಮ್ಮ ತೊಂದರೆಯ ಮೂಲವಿದೆ. ಬಿಸಿಯಿಂದ ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಬಲವಾಗಿ ಒತ್ತಿದರೂ ಕಾರು ನಿಲ್ಲಲು ಒಲ್ಲೆ ಎನ್ನುತ್ತಿದ್ದರೆ ಪ್ಯಾಡುಗಳು ತಮ್ಮ ತಾಪಮಾನದ ಮಿತಿ ಮೀರಿವೆ ಎಂದರ್ಥ. ಪ್ಯಾಡಿನ ಕಣಗಳನ್ನು ಹಿಡಿದಿಟ್ಟಿರುವ ರಾಳ ಸುಟ್ಟು ಅನಿಲವಾಗಿ ಘರ್ಷಣೆ ಕುಸಿದಿರುತ್ತದೆ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಕ್ಯಾಲಿಪರಿನೊಳಗೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗಿವೆ ಎಂದರ್ಥ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹೀಗಾಗಿ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದು, ಪಿಸ್ಟನ್ನಿಗೆ ಏನೂ ತಲುಪುವುದಿಲ್ಲ. ನಿಮಗೆ ಆಗಿರುವುದು ಈ ಎರಡನೆಯದು. ತಣ್ಣಗಾದಾಗ ಆವಿ ಮತ್ತೆ ದ್ರವವಾಗುವುದರಿಂದ ಪೆಡಲ್ ಮರಳಿ ಬಂದಂತೆ ಕಾಣುತ್ತದೆ. ಆದರೆ ಒಮ್ಮೆ ಕುದಿದ ಆಯಿಲನ್ನು ನಂಬಿ ಮತ್ತೆ ವೇಗವಾಗಿ ಓಡಿಸಬೇಡಿ. ಅದನ್ನು ಪೂರ್ತಿ ಬದಲಿಸುವವರೆಗೆ ಕಾರನ್ನು ರಸ್ತೆಗೂ ಇಳಿಸದಿರುವುದು ಒಳ್ಳೆಯದು.

ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವವಿದೆ. ರಬ್ಬರ್ ಹೋಸುಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ವರ್ಷಗಟ್ಟಲೆ ನೀರಿನಂಶ ಒಳಸೇರುತ್ತಲೇ ಇರುತ್ತದೆ, ಅದು ಸೇರಿದಷ್ಟೂ ಕುದಿಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ಆಯಿಲಿನಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಮಾನದಂಡ ಕೇಳುವುದು 155 ಡಿಗ್ರಿಯನ್ನು ಮಾತ್ರ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಹಳೆಯ ಕಾರನ್ನು ಕೊಂಡವರಲ್ಲಿ ಆಯಿಲ್ ಕೊನೆಯ ಬಾರಿ ಬದಲಾದದ್ದು ಯಾವಾಗ ಎಂದು ಬಲ್ಲವರು ಕಡಿಮೆ. ಆದ್ದರಿಂದ ಒಳ್ಳೆಯ ಡಾಟ್ 4 ಅಥವಾ 5.1 ಆಯಿಲನ್ನು ತುಂಬಿಸಿ, ಟ್ರ್ಯಾಕಿಗೆ ಹೋಗುವವರಾದರೆ ವರ್ಷಕ್ಕೊಮ್ಮೆಯಾದರೂ ಬದಲಿಸುತ್ತಿರಿ. ಡಾಟ್ 5 ಎಂದಷ್ಟೇ ಬರೆದಿರುವುದು ಸಿಲಿಕೋನ್ ಮೂಲದ ಬೇರೆಯೇ ದ್ರವ. ಹೆಸರು ಹತ್ತಿರವಿದೆಯೆಂದು ಅದನ್ನು ಇವುಗಳೊಂದಿಗೆ ಬೆರೆಸಲೇಬಾರದು.

ಆಯಿಲ್ ಕುದಿಯುವಷ್ಟು ಬಿಸಿ ಎಲ್ಲಿಂದ ಬಂತು ಎನ್ನುವುದನ್ನು ಲೆಕ್ಕ ಹಾಕಿ ನೋಡಿದರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಚಾಲಕನೂ ಸೇರಿ ನಿಮ್ಮ ಕಾರು ಸುಮಾರು 1,000 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದರ ಚಲನ ಶಕ್ತಿ ಸುಮಾರು 386 ಕಿಲೋಜೂಲ್, 160 ಕಿ.ಮೀ. ವೇಗದಲ್ಲಿ ಸುಮಾರು 988 ಕಿಲೋಜೂಲ್. ವೇಗ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಿತು, ಶಕ್ತಿ ಎರಡೂವರೆ ಪಟ್ಟಾಯಿತು. ಬಲವಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಕೆಲಸದ ಸುಮಾರು ಶೇ. 70ರಷ್ಟು ಮುಂದಿನ ಎರಡು ಡಿಸ್ಕುಗಳ ಪಾಲಿಗೆ ಬರುತ್ತದೆ. ಒಂದು ಡಿಸ್ಕಿನ ತೂಕ 4 ಕೆ.ಜಿ. ಎಂದು ಹಿಡಿದರೆ, 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದಾಗ ಅದರ ತಾಪ ಸುಮಾರು 70 ಡಿಗ್ರಿಯಷ್ಟು, 160ರಿಂದ ನಿಲ್ಲಿಸಿದಾಗ ಸುಮಾರು 190 ಡಿಗ್ರಿಯಷ್ಟು ಏರುತ್ತದೆ. ಟ್ರ್ಯಾಕಿನಲ್ಲಿ ಕಾರನ್ನು ಪೂರ್ತಿ ನಿಲ್ಲಿಸುವುದಿಲ್ಲವಲ್ಲ ಎನ್ನಬಹುದು. ಆದರೆ 160ರಿಂದ 80ಕ್ಕೆ ಇಳಿಸಿದರೂ ಮುಕ್ಕಾಲು ಪಾಲು ಶಕ್ತಿ ಬ್ರೇಕಿನಲ್ಲೇ ಬಿಸಿಯಾಗಿ ಕಳೆಯಬೇಕು. ಆ ಬಿಸಿ ಆರುವ ಮೊದಲೇ ಮುಂದಿನ ತಿರುವು ಬರುತ್ತದೆ, ಮತ್ತೆ ಅದರ ಮೇಲೊಂದು ಏರಿಕೆ. ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಬಿಸಿ ದಾಟುತ್ತಾ ಹೋಗುತ್ತದೆ. ಪ್ಯಾಡ್ ಸವೆದು ತೆಳ್ಳಗಾಗಿದ್ದಷ್ಟೂ ಈ ದಾಟುವಿಕೆ ಬೇಗ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡಿನೊಂದಿಗೆ ಟ್ರ್ಯಾಕಿಗೆ ಇಳಿಯಬಾರದು. ಶಿರಾಡಿ ಘಾಟಿಯಲ್ಲಿ ಲೋಡಾದ ಲಾರಿಯನ್ನು ಇಳಿಸುವ ಅನುಭವಿ ಚಾಲಕರು ಕೆಳ ಗೇರಿನಲ್ಲೇ ಇಳಿದು ಬ್ರೇಕನ್ನು ಆಗಾಗ ಮಾತ್ರ ಮುಟ್ಟುವುದೂ ಈ ಲೆಕ್ಕವನ್ನು ಬಲ್ಲವರಾದ್ದರಿಂದಲೇ.

ಇನ್ನು ದೊಡ್ಡ ಬ್ರೇಕ್ ಹಾಕಿದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆಯ ವಿಷಯ. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ನಿಮ್ಮ ಕಾರಿನ ಈಗಿನ ಬ್ರೇಕು, ಸುಸ್ಥಿತಿಯಲ್ಲಿದ್ದರೆ, ಒಣ ರಸ್ತೆಯಲ್ಲಿ ಚಕ್ರಗಳನ್ನು ಲಾಕ್ ಮಾಡುವಷ್ಟು, ಎಂದರೆ ತಿರುಗದಂತೆ ಹಿಡಿದು ನಿಲ್ಲಿಸುವಷ್ಟು, ಬಲವುಳ್ಳದ್ದು. ಚಕ್ರ ಲಾಕ್ ಆಗುವ ಅಂಚಿಗೆ ತಲುಪಿದ ಮೇಲೆ ಬ್ರೇಕಿನ ಬಲವನ್ನು ಇನ್ನೆಷ್ಟು ಹೆಚ್ಚಿಸಿದರೂ ಒಂದೇ ಒಂದು ನಿಲುಗಡೆಯ ದೂರ ಕಡಿಮೆಯಾಗದು. ಅದು ಕಡಿಮೆಯಾಗಬೇಕಾದರೆ ಟೈರ್ ಬದಲಾಗಬೇಕು. ದೊಡ್ಡ ಡಿಸ್ಕು, ಒಳ್ಳೆಯ ಪ್ಯಾಡು, ಹೊಸ ಆಯಿಲು ಕೊಡುವುದು ಬೇರೆಯದನ್ನು: ಹತ್ತನೆಯ ನಿಲುಗಡೆಯೂ ಮೊದಲನೆಯದರಂತೆ ಇರುವುದನ್ನು, ಪೆಡಲಿನ ಒತ್ತಡ ಪ್ರತಿ ಸಲವೂ ಒಂದೇ ತೆರನಾಗಿರುವುದನ್ನು. ಟ್ರ್ಯಾಕಿನಲ್ಲಿ ನಿಮಗೆ ಬೇಕಾದದ್ದೂ ಇದೇ. ನಿಮ್ಮ ಟೈರುಗಳು ಗಟ್ಟಿಯಾಗಿದ್ದರೆ, ಬದಿಯಲ್ಲಿ ಸಣ್ಣ ಬಿರುಕುಗಳಿದ್ದರೆ, ಅಥವಾ ಟೈರಿನ ಮೇಲಿನ ನಾಲ್ಕಂಕಿಯ ತಯಾರಿಕೆಯ ವಾರ ಮತ್ತು ವರ್ಷದ ಗುರುತು ಬಹಳ ಹಿಂದಿನದಾಗಿದ್ದರೆ, ಕಿಟ್ಟಿಗಿಟ್ಟ ಹಣದ ಮೊದಲ ಪಾಲು ಅಲ್ಲಿಗೆ ಹೋಗಲಿ.

ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಬ್ರೇಕ್ ಉತ್ತಮಪಡಿಸುವ ಮುನ್ನ ಇರುವ ಬ್ರೇಕನ್ನು ಅದರ ಮೊದಲ ಸ್ಥಿತಿಗೆ ತರಬೇಕು. ಇದನ್ನು ಬಿಟ್ಟು ಮುಂದಕ್ಕೆ ಹಾರುವವರೇ ಹೆಚ್ಚು, ಏಕೆಂದರೆ ಈ ಕೆಲಸ ಹೊರಗೆ ಕಾಣುವುದಿಲ್ಲ. ಎಂಎಕ್ಸ್-5ರ ನಾಲ್ಕೂ ಕ್ಯಾಲಿಪರುಗಳು ಒಂದೇ ಪಿಸ್ಟನ್ನಿನವು, ಪಿನ್ನುಗಳ ಮೇಲೆ ಜಾರುವಂಥವು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರ್ ತಾನೇ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ನಿಗೆ ತುಕ್ಕು ಹಿಡಿದರೆ ಅಥವಾ ಗ್ರೀಸ್ ಒಣಗಿದರೆ ಜಾರುವಿಕೆ ನಿಲ್ಲುತ್ತದೆ. ಚಕ್ರ ಕಳಚಿ ಎರಡೂ ಪ್ಯಾಡುಗಳನ್ನು ಪಕ್ಕಪಕ್ಕ ಹಿಡಿದು ನೋಡಿ: ಒಳಗಿನದು ತಗಡಿನವರೆಗೆ ಸವೆದು ಹೊರಗಿನದು ದಪ್ಪಗೆ ಉಳಿದಿದ್ದರೆ, ಅಥವಾ ಒಂದೇ ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ ಇನ್ನೊಂದು ತುದಿಯಲ್ಲಿ ದಪ್ಪಗೆ ಇದ್ದರೆ ಕ್ಯಾಲಿಪರ್ ಜಾರುತ್ತಿಲ್ಲ. ಪಿನ್ನುಗಳನ್ನು ಹೊರತೆಗೆದು ಒರೆಸಿ, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಹಚ್ಚಿ, ಪಿನ್ನಿನ ಮೇಲಿನ ರಬ್ಬರ್ ಮುಸುಕುಗಳಾದ ಬೂಟುಗಳು ಹರಿದಿದ್ದರೆ ಬದಲಿಸಬೇಕು. ಸಾಮಾನ್ಯ ಗ್ರೀಸ್ ಹಚ್ಚಿದರೆ ಬೂಟಿನ ರಬ್ಬರ್ ಊದಿಕೊಂಡು ಸ್ವಲ್ಪ ಸಮಯದಲ್ಲೇ ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ.

ಹಿಂದಿನ ಕ್ಯಾಲಿಪರ್ ಈ ಕಾರಿನ ಪ್ರಸಿದ್ಧ ದುರ್ಬಲ ಭಾಗ. ಹ್ಯಾಂಡ್ ಬ್ರೇಕಿನ ಯಂತ್ರ ಅದರೊಳಗೇ ಇದೆ, ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅದನ್ನು ಬೇಗ ಹಿಡಿಯುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಕ್ಯಾಲಿಪರಿನ ಹಿಂಬದಿಯ ಸಣ್ಣ ಲಿವರ್ ಪೂರ್ತಿ ಹಿಂದಿರುಗಿ ತನ್ನ ತಡೆಗೆ ತಾಗುತ್ತಿದೆಯೇ ಎಂದು ನೋಡಿ. ತಾಗದಿದ್ದರೆ ಆ ಚಕ್ರ ಸದಾ ಸ್ವಲ್ಪ ಉಜ್ಜುತ್ತಾ ಬಿಸಿಯಾಗುತ್ತಿರುತ್ತದೆ. ಪ್ಯಾಡ್ ಬದಲಿಸುವಾಗ ಈ ಪಿಸ್ಟನ್ನನ್ನು ಮುಂದಿನವುಗಳಂತೆ ಕ್ಲ್ಯಾಂಪ್ ಹಾಕಿ ಒಳಗೆ ನೂಕಬಾರದು. ಕ್ಯಾಲಿಪರಿನ ಹಿಂದೆ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ಬಿಚ್ಚಿದರೆ ಒಳಗೆ ಅಲೆನ್ ಕೀಲಿಯಿಂದ ತಿರುಗಿಸುವ ಸ್ಕ್ರೂ ಸಿಗುತ್ತದೆ. ಅದನ್ನು ಅಪ್ರದಕ್ಷಿಣವಾಗಿ ತಿರುಗಿಸಿದಾಗ ಪಿಸ್ಟನ್ ಒಳಸರಿಯುತ್ತದೆ. ಹೊಸ ಪ್ಯಾಡ್ ಕೂರಿಸಿದ ಮೇಲೆ ಡಿಸ್ಕಿಗೆ ತಾಗುವವರೆಗೆ ಪ್ರದಕ್ಷಿಣವಾಗಿ ತಿರುಗಿಸಿ, ಸುಮಾರು ಮೂರನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಡಬೇಕು. ಈ ಸಣ್ಣ ಹೊಂದಾಣಿಕೆ ತಪ್ಪಿದ ಕಾರುಗಳಲ್ಲಿ ಪೆಡಲ್ ಉದ್ದಕ್ಕೆ ಇಳಿಯುತ್ತದೆ, ಮಾಲೀಕರು ಮಾಸ್ಟರ್ ಸಿಲಿಂಡರನ್ನು (ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಭಾಗ) ಸುಮ್ಮನೆ ಬದಲಿಸುತ್ತಾರೆ.

ರಬ್ಬರ್ ಹೋಸುಗಳು ಕಾರಿನೊಂದಿಗೇ ಬಂದವಾದರೆ ಅವನ್ನು ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡು ದಾರಿ ಕಿರಿದಾಗಿರಬಹುದು. ಆಗ ಪೆಡಲಿನ ಒತ್ತಡ ಕ್ಯಾಲಿಪರಿಗೆ ತಲುಪುತ್ತದೆ, ಆದರೆ ಕಾಲು ತೆಗೆದಾಗ ಆಯಿಲ್ ಬೇಗ ಹಿಂದಿರುಗದೆ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಪೆಡಲ್ ತುಸು ಬಿಗಿಯಾಗುತ್ತದೆ ನಿಜ, ಆದರೆ ಆ ಸುಧಾರಣೆಯ ದೊಡ್ಡ ಪಾಲು ಹಳೆಯದು ಹೋಗಿ ಹೊಸದು ಬಂದದ್ದರಿಂದಲೇ. ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ಜೋತಾಡುತ್ತಿರುವಾಗಲೂ ನೋಡಿ, ಹೋಸ್ ಎಲ್ಲಿಯೂ ತಿರುಚಿಕೊಳ್ಳದೆ, ಎಳೆಯದೆ, ಟೈರಿಗೆ ತಾಗದೆ ಇದೆಯೆಂದು ಖಚಿತಪಡಿಸಿಕೊಳ್ಳಿ. ಅದೇ ಹೊತ್ತಿಗೆ ಕಾರಿನಡಿಯ ಉಕ್ಕಿನ ಪೈಪುಗಳನ್ನು ಪರೀಕ್ಷಿಸಿ. ತುಕ್ಕಿನಿಂದ ಮೇಲ್ಮೈ ಕಿತ್ತುಬಂದಿದ್ದರೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಹಾಕಿಸುವುದು ಬಹುಕಾಲದ ನೆಮ್ಮದಿ.

ಇಷ್ಟಾದ ಮೇಲೆ ಪ್ಯಾಡು. ಖರ್ಚಿಗೆ ಹೋಲಿಸಿದರೆ ಆಯಿಲನ್ನು ಬಿಟ್ಟರೆ ಇಷ್ಟು ಫಲ ಕೊಡುವ ಬದಲಾವಣೆ ಮತ್ತೊಂದಿಲ್ಲ. ರಸ್ತೆಯ ಸಾಮಾನ್ಯ ಪ್ಯಾಡ್ ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತದೆ, ಟ್ರ್ಯಾಕಿನ ಬಿಸಿಯನ್ನು ತಾಳುವುದಿಲ್ಲ. ಅಪ್ಪಟ ರೇಸಿಂಗ್ ಪ್ಯಾಡ್ ಇದಕ್ಕೆ ತದ್ವಿರುದ್ಧ: ಬಿಸಿಯಾಗುವವರೆಗೆ ಹಿಡಿತ ಸಾಲದು, ಕೀರಲು ಶಬ್ದ, ಡಿಸ್ಕನ್ನು ಸವೆಸುವ ಗುಣ. ಜನವರಿಯ ಬೆಳಗಿನಲ್ಲಿ ಮನೆಯಿಂದ ಹೊರಟು ಮೊದಲ ಅಡ್ಡರಸ್ತೆಯಲ್ಲಿ ನಿಲ್ಲಬೇಕಾದ ಕಾರಿಗೆ ಅದು ಅಪಾಯಕಾರಿ. ನಿಮ್ಮಂಥ ಬಳಕೆಗೆ ಇವೆರಡರ ನಡುವಿನ ವರ್ಗ ಸರಿ. ಇಂಗ್ಲೆಂಡಿನಲ್ಲಿ ಈ ಕಾರಿನ ಮಾಲೀಕರು ಹೆಚ್ಚಾಗಿ ಬಳಸುವ ಮಿಂಟೆಕ್ಸ್ 1144 ಮತ್ತು ಅದಕ್ಕಿಂತ ಹೆಚ್ಚು ಬಿಸಿ ತಾಳುವ ಫೆರೊಡೊ ಡಿಎಸ್2500 ಇಂಥವು. ರಸ್ತೆಯೇ ಹೆಚ್ಚಾದರೆ ಮೊದಲನೆಯದು, ವರ್ಷದಲ್ಲಿ ಹಲವು ಬಾರಿ ಟ್ರ್ಯಾಕಿಗೆ ಹೋಗುವವರಿಗೆ ಎರಡನೆಯದು ಎಂಬುದು ನನ್ನ ಅಭಿಪ್ರಾಯ. ಮುಂದೆ ಮತ್ತು ಹಿಂದೆ ಒಂದೇ ಬಗೆಯ ಪ್ಯಾಡ್ ಇರಲಿ. ಹಿಂದಿನ ಪ್ಯಾಡ್ ಮಾತ್ರ ಹೆಚ್ಚು ಹಿಡಿಯುವಂಥದ್ದಾದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ.

ಈಗ ಡಿಸ್ಕಿನ ಗಾತ್ರಕ್ಕೆ ಬರೋಣ. ಎಂಎಕ್ಸ್-5 ಮೊದಲು ಜಗತ್ತಿಗೆ ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೊ ವಾಹನ ಪ್ರದರ್ಶನದಲ್ಲಿ. ಆಗಿನ 1.6 ಲೀಟರ್ ಕಾರಿನ ಮುಂದಿನ ಡಿಸ್ಕ್ 235 ಮಿ.ಮೀ., ಹಿಂದಿನದು 231 ಮಿ.ಮೀ. 1993ರಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಮಜ್ದಾ ಮುಂದಿನದನ್ನು 255ಕ್ಕೂ ಹಿಂದಿನದನ್ನು 251ಕ್ಕೂ ಹಿಗ್ಗಿಸಿತು; ಮುಂದಿನ ಡಿಸ್ಕಿನ ದಪ್ಪ 18ರಿಂದ 20 ಮಿ.ಮೀ.ಗೆ ಏರಿತು. ಈ ಬದಲಾವಣೆಯ ಸೊಗಸೇನೆಂದರೆ ಮುಂದೆ ಮತ್ತು ಹಿಂದೆ ವ್ಯಾಸ ಹೆಚ್ಚಿದ್ದು ಒಂದೇ ಪ್ರಮಾಣದಲ್ಲಿ, ತಲಾ 20 ಮಿ.ಮೀ. ಪ್ಯಾಡ್ ಒತ್ತುವ ಜಾಗ ಚಕ್ರದ ನಡುವಿನಿಂದ 10 ಮಿ.ಮೀ. ಹೊರಗೆ ಸರಿದು, ಪೆಡಲಿನ ಅದೇ ಒತ್ತಡಕ್ಕೆ ಸುಮಾರು ಶೇ. 10ರಷ್ಟು ಹೆಚ್ಚು ತಿರುಚು ಬಲ ಸಿಗುತ್ತದೆ, ಬಿಸಿಯನ್ನು ಹೀರಿಕೊಳ್ಳುವ ಕಬ್ಬಿಣವೂ ಹೆಚ್ಚುತ್ತದೆ. ಮುಂದಿನ ಮತ್ತು ಹಿಂದಿನ ಬ್ರೇಕುಗಳ ನಡುವಿನ ಸಮತೋಲ ಮಾತ್ರ ಕಾರ್ಖಾನೆ ಗೊತ್ತುಮಾಡಿದಂತೆಯೇ ಉಳಿಯುತ್ತದೆ. ನಿಮ್ಮ ಕ್ಯಾಲಿಪರುಗಳನ್ನೇ ಇಟ್ಟುಕೊಂಡು, 1.8 ಕಾರಿನ ಡಿಸ್ಕುಗಳನ್ನೂ ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ಟುಗಳನ್ನೂ ತಂದು ಜೋಡಿಸಿದರೆ ಸಾಕು. 14 ಇಂಚಿನ ಚಕ್ರವೂ ಬದಲಾಗಬೇಕಿಲ್ಲ. ನಾಲ್ಕೂ ಚಕ್ರಗಳಿಗೆ ಒಟ್ಟಿಗೆ ಮಾಡಿಸಬೇಕು, ಅರ್ಧಕ್ಕೆ ನಿಲ್ಲಿಸಬಾರದು ಎಂಬುದಷ್ಟೇ ನಿಬಂಧನೆ. 2001ರ ನಂತರದ ಸ್ಪೋರ್ಟ್ ಮಾದರಿಗಳಲ್ಲಿ ಮುಂದೆ 270, ಹಿಂದೆ 276 ಮಿ.ಮೀ. ಡಿಸ್ಕುಗಳಿವೆ. ಅದೂ ಈ ಕಾರಿಗೆ ಕೂರುತ್ತದೆ, ಆದರೆ 15 ಇಂಚಿನ ಚಕ್ರ ಬೇಕು. ಎಂಜಿನ್ನಿನ ಬಲ ಹೆಚ್ಚಿಸಿಲ್ಲದ ನಿಮ್ಮ ಕಾರಿಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಆರು ಪಿಸ್ಟನ್ನಿನ ಕಿಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಪರಿಹರಿಸುವ ಸಮಸ್ಯೆ ನಿಮ್ಮದಲ್ಲ ಎನ್ನುತ್ತಿದ್ದೇನೆ. ಮುಂದಿನ ಬ್ರೇಕನ್ನು ಮಾತ್ರ ಬಹಳ ಬಲಪಡಿಸಿದರೆ ಮುಂದಿನ ಚಕ್ರಗಳು ಬೇಗ ಲಾಕ್ ಆಗುತ್ತವೆ. ಅದನ್ನು ತಪ್ಪಿಸಲು ನೀವು ಪೆಡಲನ್ನು ಸಡಿಲಿಸುತ್ತೀರಿ, ಆಗ ಹಿಂದಿನ ಟೈರುಗಳ ಹಿಡಿತ ಬಳಕೆಯಾಗದೆಯೇ ಉಳಿಯುತ್ತದೆ, ನಿಲ್ಲುವ ದೂರ ಮೊದಲಿಗಿಂತ ಹೆಚ್ಚಲೂಬಹುದು. ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣ ಹೆಚ್ಚಾದರೆ ಅವನ್ನು ಅದೇ ದೂರ ಸರಿಸಲು ಹೆಚ್ಚು ಆಯಿಲ್ ಬೇಕು, ಎಂದರೆ ಪೆಡಲ್ ಹೆಚ್ಚು ಇಳಿಯುತ್ತದೆ. ಅದನ್ನು ಸರಿಪಡಿಸಲು ನಿಮ್ಮ ಕಾರಿನ 7/8 ಇಂಚಿನ ಮಾಸ್ಟರ್ ಸಿಲಿಂಡರಿನ ಬದಲಿಗೆ 15/16 ಇಂಚಿನದನ್ನು ಹಾಕಿದರೆ ವಿಸ್ತೀರ್ಣ ಸುಮಾರು ಶೇ. 15ರಷ್ಟು ಹೆಚ್ಚಿ ಪೆಡಲಿನ ಓಟ ತಗ್ಗುತ್ತದೆ, ಆದರೆ ಅದೇ ಒತ್ತಡಕ್ಕೆ ಕಾಲಿನಿಂದ ಅಷ್ಟೇ ಹೆಚ್ಚು ಬಲ ಹಾಕಬೇಕಾಗುತ್ತದೆ. ಹೀಗೆ ಒಂದನ್ನು ಮುಟ್ಟಿದರೆ ಇನ್ನೊಂದನ್ನು ಮುಟ್ಟಬೇಕಾಗುತ್ತಾ ಹೋಗುತ್ತದೆ. ಮೇಲಾಗಿ ರೇಸಿಗೆಂದೇ ತಯಾರಾದ ಹಲವು ಕ್ಯಾಲಿಪರುಗಳಲ್ಲಿ ಪಿಸ್ಟನ್ನಿಗೆ ಧೂಳು ತಡೆಯುವ ರಬ್ಬರ್ ಇರುವುದೇ ಇಲ್ಲ. ಪ್ರತಿ ರೇಸಿನ ನಂತರ ಬಿಚ್ಚಿ ಶುಚಿಗೊಳಿಸುವವರಿಗೆ ಅದು ಸರಿ, ಉಪ್ಪು ಬಿದ್ದ ರಸ್ತೆಯಲ್ಲಿ ಓಡುವ ಕಾರಿಗೆ ಅಲ್ಲ. ಟರ್ಬೊ ಹಾಕಿ ಎಂಜಿನ್ನಿನ ಶಕ್ತಿಯನ್ನು ದುಪ್ಪಟ್ಟು ಮಾಡಿ, ಅಗಲವಾದ ಮೆದು ಟೈರುಗಳ ಮೇಲೆ ದಿನವಿಡೀ ಟ್ರ್ಯಾಕಿನಲ್ಲಿ ಓಡಿಸುವವರು ನೀವಾಗಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು.

ಡಿಸ್ಕ್ ಕೊಳ್ಳುವಾಗ ತೂತು ಕೊರೆದವುಗಳಿಂದ ದೂರವಿರಿ, ಬಿಸಿಗೆ ಸಿಕ್ಕಾಗ ತೂತುಗಳ ಸುತ್ತಲೇ ಬಿರುಕು ಶುರುವಾಗುತ್ತದೆ. ಸಾದಾ ಡಿಸ್ಕೇ ಸಾಕು. ಜೋಡಿಸುವ ಮುನ್ನ ಡಿಸ್ಕ್ ಕೂರುವ ಚಕ್ರದ ನಡುಭಾಗದ (ಹಬ್) ಮುಖದ ಮೇಲಿನ ತುಕ್ಕನ್ನು ವೈರ್ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ತೆಗೆಸಿ; ಅಲ್ಲಿ ಉಳಿದ ತೆಳು ತುಕ್ಕಿನ ಪದರವೂ ಡಿಸ್ಕಿನ ಅಂಚಿನಲ್ಲಿ ಓರೆಯಾಗಿ ಕಾಣಿಸುತ್ತದೆ. ಡಿಸ್ಕ್ ಬಾಗಿದೆ ಎಂದು ಜನ ದೂರುವ ನಡುಕದ ಹಿಂದೆ ಬಹುಪಾಲು ಇರುವುದು ಈ ತುಕ್ಕು, ಇಲ್ಲವೇ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಸಮನಾಗಿ ಹರಡದೆ ಅಲ್ಲಲ್ಲಿ ಮೆತ್ತಿಕೊಂಡಿರುವುದು.

ಹೊಸ ಆಯಿಲ್ ತುಂಬಿಸಿ ಪೈಪುಗಳಲ್ಲಿ ಸೇರಿದ ಗಾಳಿಯನ್ನು (ಏರ್) ತೆಗೆಸುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಬೇಕು. ಬಲಬದಿ ಸ್ಟೀರಿಂಗಿನ ನಿಮ್ಮ ಕಾರಿನಲ್ಲಿ ಅದು ಹಿಂದಿನ ಎಡ ಚಕ್ರ. ಆಗ ಪೆಡಲನ್ನು ನೆಲ ಮುಟ್ಟುವಂತೆ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನೊಳಗೆ ಸೀಲುಗಳು ವರ್ಷಗಟ್ಟಲೆ ಓಡಾಡದ ಭಾಗದಲ್ಲಿ ತುಕ್ಕು, ಜಿಡ್ಡು ಕೂತಿರುತ್ತದೆ. ಸೀಲು ಅಲ್ಲಿಯವರೆಗೆ ಹೋದರೆ ಗೀರು ಬೀಳುತ್ತದೆ, ಮರುದಿನದಿಂದ ಪೆಡಲ್ ನಿಧಾನವಾಗಿ ಕುಸಿಯತೊಡಗುತ್ತದೆ. ಟ್ರ್ಯಾಕಿನಲ್ಲಿ ಪೆಡಲ್ ಒಮ್ಮೆ ನೆಲಕ್ಕಿಳಿದಿರುವುದರಿಂದ ನಿಮ್ಮ ಸಿಲಿಂಡರಿಗೂ ಹಾಗಾಗಿರಬಹುದು. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಸಮನೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಹೊರಗೆಲ್ಲೂ ಸೋರಿಕೆಯಿಲ್ಲದಿದ್ದರೂ ಅದು ಇಳಿಯುತ್ತಲೇ ಹೋದರೆ ಸಿಲಿಂಡರ್ ಬದಲಿಸಿ.

ಹೊಸ ಪ್ಯಾಡು ಮತ್ತು ಡಿಸ್ಕುಗಳನ್ನು ಒಂದಕ್ಕೊಂದು ಒಗ್ಗಿಸುವುದು ಕಡ್ಡಾಯ. ಖಾಲಿ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ.ನಿಂದ 20ರವರೆಗೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹೆಚ್ಚಿಸಿ, ಕೊನೆಗೆ ಬ್ರೇಕ್ ಮುಟ್ಟದೆ ಹಲವು ಕಿ.ಮೀ. ಓಡಿಸಿ ತಣಿಸಿ. ಪ್ಯಾಡಿನ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಟ್ರ್ಯಾಕಿನಲ್ಲಿಯೂ ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ, ಕಾರು ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಕಡೆ ಒತ್ತಿ ಹಿಡಿದರೆ ಅಲ್ಲೇ ಅಚ್ಚು ಬೀಳುತ್ತದೆ.

ಕಾನೂನಿನ ವಿಷಯದಲ್ಲಿ, ನಿಮ್ಮ ಕಾರಿನ ವಯಸ್ಸಿಗೆ ಎಂಒಟಿ (ಬ್ರಿಟನ್ನಿನಲ್ಲಿ ಪ್ರತಿ ವರ್ಷ ನಡೆಯುವ ವಾಹನ ಸುಸ್ಥಿತಿಯ) ಪರೀಕ್ಷೆ ಕೇಳುವುದು ಕಾಲ್ಬ್ರೇಕಿನಲ್ಲಿ ಶೇ. 50, ಹ್ಯಾಂಡ್ ಬ್ರೇಕಿನಲ್ಲಿ ಶೇ. 16ರ ದಕ್ಷತೆಯನ್ನು. ಸುಸ್ಥಿತಿಯ ಮೂಲ ಬ್ರೇಕಿಗೂ ಇದು ಕಷ್ಟವಲ್ಲ. ಆದರೆ ಪರೀಕ್ಷೆಯ ಹಾಳೆಯಲ್ಲಿ ಪ್ರತಿ ಚಕ್ರದ ಬಲವನ್ನು ಬೇರೆ ಬೇರೆ ಬರೆದಿದ್ದರೆ ಅದನ್ನು ಕೇಳಿ ಪಡೆದುಕೊಳ್ಳಿ, ಎಡಬಲಗಳ ವ್ಯತ್ಯಾಸ ಯಾವ ಕ್ಯಾಲಿಪರ್ ಸಿಕ್ಕಿಕೊಂಡಿದೆ ಎಂಬುದನ್ನು ನೇರವಾಗಿ ತೋರಿಸುತ್ತದೆ. 1.8 ಕಾರಿನ ಬಿಡಿಭಾಗಗಳನ್ನು ಹಾಕಿಸಿದರೂ ಅದು ಮಾರ್ಪಾಡೇ, ಆದ್ದರಿಂದ ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಅವರ ಒಪ್ಪಿಗೆಯ ಪತ್ರ ಬಂದ ಮೇಲೆ ಕೆಲಸ ಶುರುಮಾಡಿಸಿ. ಟ್ರ್ಯಾಕಿನಲ್ಲಿ ಆಗುವ ಹಾನಿಗೆ ರಸ್ತೆಯ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ ಸ್ಪಷ್ಟಪಡಿಸಿಕೊಳ್ಳಿ.